ಮೇಣದ ಹೂವಿನ ಅರ್ಧ ಎಕರೆ

ಮುಡಿಯಲು ಬಾರದ, ದೇವರಿಗೆ ಏರಿಸಲು ಬಾರದ ಹೂವನ್ನು ನಾನು ಹೂವು ಎಂದು ಒಪ್ಪುವವಳಲ್ಲ. ನನ್ನ ನಾದಿನಿ ಅಂಥದ್ದೊಂದನ್ನು ತಂದು ನಮ್ಮ ಹಿಪ್ಪುನೇರಳೆ ತೋಟದ ಮಗ್ಗುಲಲ್ಲೇ ಅರ್ಧ ಎಕರೆಗೆ ನೆಟ್ಟಳು. ನಮ್ಮಿಬ್ಬರ ಜಗಳ ಆ ಗಿಡದಿಂದ ಶುರುವಾಯಿತು ಎಂದು ಊರವರು ಹೇಳುತ್ತಾರೆ. ಅದು ಸುಳ್ಳು. ನಾನು ಮದುವೆಯಾಗಿ ಈ ಮನೆಗೆ ಕಾಲಿಟ್ಟ ವಾರದಲ್ಲೇ, ನಾನು ಮಾಡಿದ ಸಾರಿಗೆ ಅವಳು ಇನ್ನೊಂದು ಸಲ ಒಗ್ಗರಣೆ ಹಾಕಿದ್ದಳು. ಗಿಡ ಬಂದದ್ದು ಅದಾಗಿ ಇಪ್ಪತ್ತು ವರ್ಷಕ್ಕೆ.

ನಮ್ಮದು ಕೂಟಗಲ್ ಕಡೆಯ ಒಂದು ಹಳ್ಳಿ. ನನ್ನ ತವರು ವಿರೂಪಾಕ್ಷಿಪುರದ ಹತ್ತಿರ. ಬಿ.ಎ. ಮುಗಿಸಿದ ಮಗಳಿಗೆ ಟೀಚರ್ ಕೆಲಸ ಸಿಗುತ್ತದೆ ಎಂದು ನಮ್ಮಪ್ಪ ನಂಬಿದ್ದರು. ನನಗೆ ಸಿಕ್ಕಿದ್ದು ರೇಷ್ಮೆ ಹುಳ. ಗಂಡ ರಾಮನಗರದ ಒಂದು ಆಫೀಸಿನಲ್ಲಿ ಗುಮಾಸ್ತರು. ಬೆಳಿಗ್ಗೆ ಬಸ್ಸು ಹತ್ತಿದರೆ ಸಂಜೆಗೇ ಇಳಿಯುವುದು. ಹಾಗಾಗಿ ತೋಟ, ಹುಳ ಎರಡೂ ನನ್ನ ಮತ್ತು ನಮ್ಮ ಮಾವನ ತಲೆಯ ಮೇಲೆ. ಇದನ್ನು ಗೋಳು ಎಂದು ಹೇಳುತ್ತಿಲ್ಲ. ಹಿಪ್ಪುನೇರಳೆ ಕತ್ತರಿಸುವುದರಲ್ಲಿ ನನ್ನ ಕೈಗೆ ಸಮನಾದ ಕೈ ನಮ್ಮ ಸುತ್ತಮುತ್ತ ಇಲ್ಲ ಎನ್ನುವುದು ನನಗೂ ಗೊತ್ತು, ಊರಿಗೂ ಗೊತ್ತು. ನಮ್ಮ ಕಡೆ ವರ್ಷಕ್ಕೆ ಐದು ಬೆಳೆ ಹುಳ ಮೇಯಿಸುತ್ತೇವೆ. ಪ್ರತಿ ಬೆಳೆಗೂ ಗಿಡವನ್ನು ನೆಲಮಟ್ಟಕ್ಕೆ ಕತ್ತರಿಸಿ, ಕಡ್ಡಿ ಸಮೇತ ಸೊಪ್ಪನ್ನು ಹುಳಕ್ಕೆ ಹಾಕುತ್ತೇವೆ. ಕತ್ತರಿಸಿದ ಹದಿನೈದು ದಿನಕ್ಕೆ ಬುಡದಿಂದ ಚಿಗುರು ಎದ್ದು ನಿಲ್ಲುತ್ತದೆ. ಬುಡಕ್ಕೆ ಹತ್ತಿರವಾಗಿ ಕತ್ತರಿಸಿದಷ್ಟೂ ಗಿಡಕ್ಕೆ ಒಳ್ಳೆಯದು ಎನ್ನುವುದು ನಮಗೆ ಯಾರೂ ಹೇಳಿಕೊಡಬೇಕಾದ ವಿಷಯವಲ್ಲ.

ನಾದಿನಿ ಹೂವಿನ ಕಂಪನಿಯೊಂದರಲ್ಲಿ ಹನ್ನೆರಡು ವರ್ಷ ದುಡಿದವಳು. ಪಾಲಿಹೌಸಿನ ಗುಲಾಬಿಯನ್ನು ಕತ್ತರಿಸಿ, ಅಳತೆ ನೋಡಿ, ಕಟ್ಟು ಕಟ್ಟಿಸುವ ಸೂಪರ್‌ವೈಸರ್. ಮದುವೆ ಅದಕ್ಕೂ ಮೊದಲೇ ಮುರಿದಿತ್ತು. ಸೊಂಟನೋವು ಬಂತೆಂದು ಕೆಲಸ ಬಿಟ್ಟು, ಒಂದು ಸೂಟ್‌ಕೇಸು, ಕೆಂಪು ಹಿಡಿಯ ಒಂದು ಗಿಡದ ಕತ್ತರಿ ಹಿಡಿದು ಮನೆಗೆ ಬಂದಳು. ಬಂದ ಮೂರನೇ ದಿನ ಜಗಲಿಯ ಮೇಲೆ, ಇಬ್ಬರು ನೆಂಟರೂ ಕೂತಿದ್ದಾಗ, ಅಪ್ಪನ ಮುಂದೆ ನಿಂತು ಕೇಳಿದಳು.

"ಅಪ್ಪಯ್ಯ, ಬಂಡೆ ಪಕ್ಕದ ಅರ್ಧ ಎಕ್ರೆ ನಂಗೆ ಕೊಡು. ನನ್ ಪಾಲು ಅಂತ್ಲೇ ಕೊಡು. ಬೇರೆ ಏನೂ ಕೇಳಕಿಲ್ಲ."

ಮಾವ ಬಹಳ ಹೊತ್ತು ಎಲೆ ಅಡಿಕೆ ಅಗಿದರು. ನೆಂಟರ ಮುಂದೆ ಮಗಳಿಗೆ ಇಲ್ಲ ಎನ್ನುವುದು ಅವರ ಕೈಯಲ್ಲಿ ಆಗುವ ಕೆಲಸವಲ್ಲ.

"ಮೂರ್ ವರ್ಷ ನೋಡವ್ವ. ಮೂರನೇ ಯುಗಾದಿಗೆ ನಿನ್ ಗಿಡ ನಿಂತಿದ್ರೆ ನಿನ್ ಹೆಸ್ರಿಗೆ ಬರ್ದ್‌ಕೊಡ್ತೀನಿ. ನಿಂತಿಲ್ದಿದ್ರೆ ಇಪ್ನೇಳೆ ಹಾಕದೇಯ."

ಆ ಅರ್ಧ ಎಕರೆಯಲ್ಲಿ ಆಗ ಇದ್ದದ್ದು ನಾನು ನೆಟ್ಟ ಹಿಪ್ಪುನೇರಳೆ. ಕೆಂಪು ಜಲ್ಲಿ ನೆಲ, ನೀರು ನಿಲ್ಲುವುದಿಲ್ಲ, ಸೊಪ್ಪು ಸ್ವಲ್ಪ ತೆಳು ಬರುತ್ತದೆ, ನಿಜ. ಆದರೂ ನನ್ನದು. ಯಾರೂ ನನ್ನನ್ನು ಒಂದು ಮಾತು ಕೇಳಲಿಲ್ಲ. ಜೆಸಿಬಿ ಬಂದು ಬುಡಗಳನ್ನು ಕಿತ್ತು ರಾಶಿ ಹಾಕಿತು. ಆ ಬೇರುಗಳನ್ನು ನೋಡಿಕೊಂಡು ನಾನು ಅಡಿಗೆಮನೆಯಲ್ಲಿ ಅತ್ತೆ. ಅತ್ತದ್ದು ದುಃಖಕ್ಕಲ್ಲ, ಸಿಟ್ಟಿಗೆ.

ಸಸಿಗಳು ಮಾಗಡಿ ರಸ್ತೆಯ ಒಂದು ನರ್ಸರಿಯಿಂದ ಬಂದವು. ತರಲು ನನ್ನನ್ನೂ ಕರೆದುಕೊಂಡು ಹೋಗಿದ್ದಳು, ಟೆಂಪೋದಲ್ಲಿ ಟ್ರೇ ಹಿಡಿದುಕೊಳ್ಳಲು ಜನ ಬೇಕಲ್ಲ. ಸಾವನದುರ್ಗ ಎದುರಿಗೆ ಕಾಣುವ ಜಾಗ. ಸಸಿ ನೋಡಿದೆ: ಸೂಜಿಯಂಥ ಎಲೆ, ಬಡಕಲು ಕಡ್ಡಿ. ಆಸ್ಟ್ರೇಲಿಯಾದ ಪೊದೆಯಂತೆ, ಮೇಣದಲ್ಲಿ ಮಾಡಿದಂಥ ಪುಟ್ಟ ಹೂ ಬಿಡುವುದರಿಂದ ಮೇಣದ ಹೂ ಎಂದು ಹೆಸರಂತೆ, ಕತ್ತರಿಸಿದ ಮೇಲೆ ಎರಡು ವಾರ ಬಾಡುವುದಿಲ್ಲವಂತೆ. ಎಲೆ ಹಿಸುಕಿ ನನ್ನ ಮೂಗಿಗೆ ಹಿಡಿದಳು. ನಿಂಬೆ ವಾಸನೆ.

"ನೀಲಗಿರಿ ಥರಾನೇ ಐತಲ್ಲ," ಎಂದೆ.

"ಅದ್ರ ನೆಂಟ್ರೇಯ ಇದು."

ನೀಲಗಿರಿಯ ನೆಂಟ ಎಂದು ನಮ್ಮ ತಾಲ್ಲೂಕಿನಲ್ಲಿ ಹೆಮ್ಮೆಯಿಂದ ಹೇಳಿಕೊಂಡವಳು ಇವಳೊಬ್ಬಳೇ ಇರಬೇಕು. ಆ ಮರ ನಮ್ಮ ಬೋರುಗಳನ್ನು ಹೇಗೆ ಬತ್ತಿಸಿತು ಎನ್ನುವುದನ್ನು ಮರೆತವರು ಇಲ್ಲಿ ಯಾರೂ ಇಲ್ಲ. ಅದೂ ಆಸ್ಟ್ರೇಲಿಯಾದ್ದೇ. ಆ ದೇಶಕ್ಕೆ ನಮ್ಮ ಮೇಲೆ ಏನು ದ್ವೇಷವೋ ಎಂದು ವಾಪಸು ಬರುವಾಗ ದಾರಿಯುದ್ದಕ್ಕೂ ಗೊಣಗಿದೆ. ಅವಳು ಟ್ರೇಗಳು ಜಾರದಂತೆ ಹಿಡಿದುಕೊಂಡು ಕೂತಿದ್ದಳು.

ನನ್ನ ದೊಡ್ಡ ಭಯ ಆ ವಾಸನೆಯದು. ಹುಳದ ಮನೆಯ ಹತ್ತಿರ ನಾವು ಊದುಬತ್ತಿ ಹಚ್ಚುವುದಿಲ್ಲ, ಮೆಣಸಿನಕಾಯಿ ಹುರಿಯುವುದಿಲ್ಲ, ಬೀಡಿ ಸೇದುವವರನ್ನು ಬಾಗಿಲ ಬಳಿ ನಿಲ್ಲಿಸಿಕೊಳ್ಳುವುದಿಲ್ಲ. ಹುಳಕ್ಕೆ ವಾಸನೆ ಆಗದು. ಇವಳು ಸಂಜೆ ಗಿಡಗಳ ನಡುವೆ ಓಡಾಡಿ ಬಂದು, ಸೀರೆ ತುಂಬ ನಿಂಬೆ ವಾಸನೆ ಹೊತ್ತು ಹುಳದ ಮನೆಯೊಳಗೆ ಇಣುಕಿ, "ಅತ್ಗೆ, ಗಾಳಿ ಸಾಲ್ದು, ಕಿಟಕಿ ತೆಗೀರಿ," ಎನ್ನುತ್ತಿದ್ದಳು. ಇಪ್ಪತ್ತು ವರ್ಷ ಹುಳ ಮೇಯಿಸಿದವಳಿಗೆ ಗಾಳಿಯ ಪಾಠ! ಕಿಟಕಿ ತೆಗೆಯಬೇಕಾಗಿತ್ತು ಎನ್ನುವುದು ಬೇರೆ ಮಾತು. ನಾನು ಅವಳು ಹೋದ ಮೇಲೆ ತೆಗೆಯುತ್ತಿದ್ದೆ.

ಎರಡನೇ ವರ್ಷ ಒಂದು ಬೆಳೆ ಹುಳ ಪೂರ್ತಿ ಹೋಯಿತು. ತಲೆ ಎತ್ತಿ, ಹಸಿರು ಕಕ್ಕಿ ಸತ್ತವು. ಔಷಧಿ ತಾಗಿದ ಸೊಪ್ಪು ತಿಂದರೆ ಹೀಗೇ ಆಗುವುದು. ನಾನು ನೇರವಾಗಿ ಅವಳ ಗಿಡಗಳ ನಡುವೆ ಹೋಗಿ ನಿಂತು ಬಾಯಿಗೆ ಬಂದದ್ದೆಲ್ಲ ಅಂದೆ. ಗಂಡನ ಮನೆ ಹಾಳು ಮಾಡಿ ಬಂದವಳು ಎಂದೂ ಅಂದೆ.

"ನಾನು ಏನೂ ಹೊಡ್ದಿಲ್ಲ ಅತ್ಗೆ. ಈ ಗಿಡುಕ್ಕೆ ಬ್ಯಾಡ," ಎಂದಳು. ಅಷ್ಟೇ.

ವಾರದ ನಂತರ ಗೊತ್ತಾಯಿತು, ಆಚೆ ಮಗ್ಗುಲಿನ ಟೊಮೆಟೊ ಹೊಲದವರು ಗಾಳಿಯ ದಿನ ಔಷಧಿ ಹೊಡೆದಿದ್ದರು. ನಾನು ಅವಳ ಹತ್ತಿರ ತಪ್ಪಾಯಿತು ಎನ್ನಲಿಲ್ಲ. ಅವಳು ಕೇಳಲೂ ಇಲ್ಲ. ಕೇಳದೇ ಇರುವವರ ಮೇಲೆ ನನಗೆ ಇನ್ನೂ ಸಿಟ್ಟು ಬರುತ್ತದೆ.

ಅದೇ ಚಳಿಗಾಲದಲ್ಲಿ ಮೊದಲ ಹೂ ಬಂತು. ಐದು ಎಸಳು, ತಿಳಿ ಗುಲಾಬಿ, ಬೆರಳುಗುರಿನಷ್ಟು ದೊಡ್ಡದು. ದಾರಕ್ಕೆ ಪೋಣಿಸಲು ಹೋದರೆ ಉದುರುತ್ತದೆ. ಜಡೆಗೆ ಸಿಕ್ಕಿಸಿದರೆ ಕಡ್ಡಿ ಚುಚ್ಚುತ್ತದೆ. ಒಂದು ರೆಂಬೆಯನ್ನು ತಂದು ದೇವರ ಪಟಕ್ಕೆ ಸಿಕ್ಕಿಸಿದಳು. ಮಾವ ಪೂಜೆಗೆ ಕೂತವರು ಅದನ್ನು ಎರಡು ಬೆರಳಲ್ಲಿ ಎತ್ತಿ ಪಕ್ಕಕ್ಕಿಟ್ಟು ಕನಕಾಂಬರ ಏರಿಸಿದರು. ಅವಳು ಅದನ್ನು ಒಂದು ಲೋಟ ನೀರಿಗೆ ಹಾಕಿ ಟಿವಿಯ ಪಕ್ಕ ಇಟ್ಟಳು. ಹದಿನೈದು ದಿನವಾದರೂ ಬಾಡಲಿಲ್ಲ. ದಿನಾ ಬೆಳಿಗ್ಗೆ ಕಸ ಗುಡಿಸುವಾಗ ಅದರ ಮುಖ ನೋಡಬೇಕಾಗುತ್ತಿತ್ತು. ಸಾಯುವುದಕ್ಕೂ ಸೋಮಾರಿತನ ಇದಕ್ಕೆ ಎಂದುಕೊಂಡೆ.

ಮೂರನೇ ಚಳಿಗಾಲ ಹಾಗಿರಲಿಲ್ಲ. ಜನವರಿಯಲ್ಲಿ ಆ ಅರ್ಧ ಎಕರೆ ಪೂರ್ತಿ ಗುಲಾಬಿ ಬಣ್ಣಕ್ಕೆ ತಿರುಗಿತು. ಬೆಂಗಳೂರಿನಿಂದ ವ್ಯಾನು ಬರತೊಡಗಿತು. ಕಲ್ಯಾಣಮಂಟಪಗಳ ಹೂವಿನ ಕೆಲಸದವರಂತೆ. ದೊಡ್ಡ ಹೂಗಳ ನಡುವೆ ತುಂಬಲು ಇದು ಬೇಕಂತೆ. ಊರಿನ ಗಂಡಸರು ದಾರಿಯಲ್ಲಿ ಬೈಕ್ ನಿಲ್ಲಿಸಿ ನೋಡುತ್ತಿದ್ದರು.

"ಏನ್ಲಾ ಇದು, ಬೇಲಿ ಗಿಡ ಅಂದ್ಕೊಂಡಿದ್ನಲ್ಲ!"

"ಬೇಲಿ ಗಿಡಕ್ಕೆ ವ್ಯಾನ್ ಬತ್ತದೇನ್ಲಾ?"

ಮಾವ ಜಗಲಿಯ ಮೇಲೆ ಕೂತು ವ್ಯಾನು ಬರುವುದನ್ನೂ ಹೋಗುವುದನ್ನೂ ನೋಡುತ್ತಿದ್ದರು. ಯುಗಾದಿಗೆ ಇನ್ನೂ ಎರಡೂವರೆ ತಿಂಗಳು ಇತ್ತು. ಅವರ ಮುಖದಲ್ಲಿ ಸಂತೋಷ ಇದೆ ಎಂದು ನಾನು ತಿಳಿದೆ, ಹೊಟ್ಟೆ ಉರಿದುಕೊಂಡೆ. ನಾದಿನಿ ಮಾತ್ರ ಆ ದಿನಗಳಲ್ಲಿ ಹಾಡಿಕೊಂಡು ಓಡಾಡುತ್ತಿದ್ದಳು. ಅವಳ ಬಾಯಿಂದ ಹಾಡು ಕೇಳಿದ್ದು ನಾನು ಅದೇ ಮೊದಲು. ಆ ಜಾಗದ ಮೂಲೆಯಲ್ಲಿ ಒಂದು ರೂಮು ಕಟ್ಟಿಸಿಕೊಳ್ಳುತ್ತೇನೆ, ಇನ್ನು ಯಾರ ಮನೆಯ ಮೂಲೆಯಲ್ಲೂ ಹಾಸಿಗೆ ಬಿಡಿಸುವುದಿಲ್ಲ ಎಂದು ನನ್ನ ಗಂಡನಿಗೆ ಹೇಳಿದ್ದಳಂತೆ. ಅವಳಿಗೆ ಬೇಕಾಗಿದ್ದದ್ದು ಅಷ್ಟೇ. ಅದು ನನಗೆ ಆಗಲೂ ಗೊತ್ತಿತ್ತು.

ಫೆಬ್ರುವರಿ ಕೊನೆಗೆ, ಹೂ ಮುಗಿಯುವ ಹೊತ್ತಿಗೆ, ಬಂಡೆಯ ಮೇಲಿಂದ ಬಕೆಟ್ ಹಿಡಿದು ಇಳಿಯುವಾಗ ಜಾರಿ ಬಿದ್ದು ಕಾಲು ಮುರಿದುಕೊಂಡಳು. ಪ್ಲಾಸ್ಟರ್ ಹಾಕಿದರು. ಆಗ ನಮ್ಮ ಹುಳ ನಾಲ್ಕನೇ ಜ್ವರ, ಅಂದರೆ ಕೊನೆಯ ಸಲ ಪೊರೆ ಬಿಡುವುದು, ಮುಗಿಸಿ ಎದ್ದು ಮೇಯುತ್ತಿದ್ದವು. ಆ ದಿನಗಳಲ್ಲಿ ಮನೆಯವರಿಗೆ ಊಟಕ್ಕೂ ಪುರುಸೊತ್ತಿರುವುದಿಲ್ಲ. ನಾನು ಇಲ್ಲೇ ಇರು ಎನ್ನಲಿಲ್ಲ. ಕಂಪನಿಯಲ್ಲಿ ಜೊತೆಗೆ ಕೆಲಸ ಮಾಡುತ್ತಿದ್ದ ಗೆಳತಿಯೊಬ್ಬಳು ಕನಕಪುರದಿಂದ ಆಟೋ ತಂದು ಅವಳನ್ನು ಕರೆದುಕೊಂಡು ಹೋದಳು.

ನಾಲ್ಕು ದಿನವಾದ ಮೇಲೆ ಅವಳ ಫೋನ್ ಬಂತು. ನಾನು ಜಗಲಿಯಲ್ಲಿ ಸೊಪ್ಪಿನ ಹೊರೆ ಬಿಡಿಸುತ್ತಿದ್ದೆ. ಎರಡೂ ಕೈ ತುಂಬ ಕಡ್ಡಿ. ಸ್ಪೀಕರ್ ಒತ್ತಿ ಪಕ್ಕದಲ್ಲಿಟ್ಟೆ. ಮಾವ ಮಂಚದ ಮೇಲೆ ಗೋಡೆ ಕಡೆಗೆ ತಿರುಗಿ ಮಲಗಿದ್ದರು.

"ಅತ್ಗೆ, ಊವು ಮುಗ್ದಿರೋ ರೆಂಬೆ ಕತ್ತರಿಸ್ಬೇಕು. ಈಗ ಕತ್ತರಿಸಿದ್ರೇನೆ ಬರೋ ವರ್ಷಕ್ಕೆ ಊವು. ಆಳುಗೆ ಯೋಳಿದ್ರೆ ಕೆಡಿಸ್ಬುಡ್ತಾರೆ. ನೀವೇ ಒಸಿ ಮಾಡ್ಕೊಡಿ. ನಿಮ್ ಕೈಯಂಥ ಕೈ ಇಲ್ಲ."

ಅವಳು ನನ್ನ ಕೈಯನ್ನು ಹೊಗಳಿದ್ದು ಅದೊಂದೇ ಸಲ.

"ಮಾಡಾನ ಬುಡು," ಎಂದೆ.

"ಮೇಲ್ಗಡೆ, ಎಲೆ ಇರೋ ಕಡೇಲಿ ಮಾತ್ರ ಕತ್ತರಿಸಿ. ಎಲೆ ಇಲ್ದಿರೋ ಬೋಳು ಕಡ್ಡಿಗೆ ತಾಕಿಸ್ಲೇಬ್ಯಾಡಿ. ಇದು ಇಪ್ನೇಳೆ ಅಲ್ಲ ಅತ್ಗೆ, ಬುಡದಿಂದ ಚಿಗುರಕಿಲ್ಲ, ಸತ್ತೋಯ್ತದೆ."

ಮಾವ ಕೆಮ್ಮಿದರು.

"ಅಪ್ಪಯ್ಯ ಅಲ್ಲೇ ಅವ್ರಾ?"

"ಅವ್ರೆ. ಮಲ್ಗವ್ರೆ."

"ಸರಿ, ಇಡ್ತೀನಿ."

ಅವಳು ಹೇಳಿದ್ದನ್ನು ನಾನು ಇಲ್ಲಿ ಒಂದಕ್ಷರ ಬಿಡದೆ ಬರೆದಿದ್ದೇನೆ. ನನಗೆ ಕೇಳಿಸಿತ್ತು. ಅರ್ಥವೂ ಆಗಿತ್ತು. ಆದರೆ ನಂಬಿಕೆ ಆಗಲಿಲ್ಲ. ಬುಡಕ್ಕೆ ಕತ್ತರಿಸಿದರೆ ಸಾಯುವ ಗಿಡ ಲೋಕದಲ್ಲಿ ಇದೆಯೇ ಎಂದು ನಮ್ಮ ಕಡೆಯ ಯಾರನ್ನು ಬೇಕಾದರೂ ಕೇಳಿ, ನಗುತ್ತಾರೆ. ನೀಲಗಿರಿಯನ್ನೇ ಬುಡಕ್ಕೆ ಕಡಿದರೆ ನಾಲ್ಕು ಕವಲು ಎದ್ದು ಬರುತ್ತದೆ, ಅದರ ನೆಂಟ ಬರುವುದಿಲ್ಲವೇ? ಕಂಪನಿಯಲ್ಲಿ ಗುಲಾಬಿ ಎಣಿಸಿದವಳು ನನಗೆ ಕತ್ತರಿಸುವುದನ್ನು ಹೇಳಿಕೊಡುತ್ತಾಳೆ ಎನ್ನುವ ಉರಿಯೂ ಇತ್ತು. ಹಾಗೆ ಮಾಡಿದರೆ ಏನಾದರೂ ಆಗಲಿ ಎನ್ನುವುದೂ ಎಲ್ಲೋ ಇತ್ತೇ? ಇತ್ತು. ಇರಲಿಲ್ಲ ಎಂದು ಬರೆಯಲು ಈ ವಯಸ್ಸಿನಲ್ಲಿ ನನಗೆ ನಾಚಿಕೆಯಾಗುತ್ತದೆ.

ಹುಳ ಗೂಡು ಕಟ್ಟಲು ಶುರು ಮಾಡಿ ಕೈಗೆ ಬಿಡುವು ಸಿಕ್ಕ ದಿನ ಬೆಳಿಗ್ಗೆ ಹೋದೆ. ಅವಳ ಕೆಂಪು ಹಿಡಿಯ ಕತ್ತರಿ ಗೋಡೆಗೆ ನೇತು ಹಾಕಿತ್ತು. ಅದನ್ನು ಮುಟ್ಟಲಿಲ್ಲ. ನನ್ನ ಕುಡುಗೋಲು, ದಪ್ಪ ಕಡ್ಡಿಗೆ ಗರಗಸ. ಸಾಲು ಹಿಡಿದು, ಹಿಪ್ಪುನೇರಳೆಗೆ ಮಾಡುವ ಹಾಗೇ, ನೆಲದಿಂದ ನಾಲ್ಕು ಬೆರಳು ಬಿಟ್ಟು ಒಂದೇ ಮಟ್ಟಕ್ಕೆ ಕತ್ತರಿಸಿದೆ. ಎರಡು ದಿನದ ಕೆಲಸ. ಎಲ್ಲೂ ಸಿಪ್ಪೆ ಸೀಳಲಿಲ್ಲ, ಎಲ್ಲೂ ಬುಡ ಅಲುಗಲಿಲ್ಲ. ಅಷ್ಟು ಅಚ್ಚುಕಟ್ಟಾಗಿ ನಾನು ಹಿಪ್ಪುನೇರಳೆಯನ್ನೂ ಯಾವತ್ತೂ ಕತ್ತರಿಸಿರಲಿಲ್ಲ. ಮಾವ ಎರಡನೇ ದಿನ ಬದುವಿನ ಮೇಲೆ ಬಂದು ನಿಂತರು, ಸ್ವಲ್ಪ ಹೊತ್ತು ನೋಡಿದರು, ಹೋದರು.

ಕಡ್ಡಿಗಳನ್ನು ಹೊರೆ ಕಟ್ಟಿ ತಂದು ಬಚ್ಚಲೊಲೆಯ ಪಕ್ಕ ಒಟ್ಟಿದೆ. ಒಣಗಿದ ಹಾಗೆಲ್ಲ ಉರಿಸಿದೆವು. ಯುಗಾದಿಯವರೆಗೂ ನಮ್ಮ ಮನೆಯ ಸ್ನಾನದ ನೀರಿಗೆ ನಿಂಬೆ ಹೊಗೆಯ ವಾಸನೆ.

ಹದಿನೈದು ದಿನಕ್ಕೆ ಹೋಗಿ ನೋಡಿದೆ. ಏನೂ ಇಲ್ಲ. ನೀರು ಸಾಲದೇನೋ ಎಂದು ಡ್ರಿಪ್ ಜಾಸ್ತಿ ಬಿಟ್ಟೆ. ಇಪ್ಪತ್ತನೇ ದಿನ ಹುಳದ ಹಿಕ್ಕೆ ತಂದು ಬುಡಬುಡಕ್ಕೆ ಹಾಕಿದೆ. ಆಮೇಲೆ ಬೆಳಿಗ್ಗೆ ಸಂಜೆ ಹೋಗಿ ಮೊಣಕಾಲೂರಿ ಒಂದೊಂದು ಬುಡವನ್ನೂ ಉಗುರಿನಿಂದ ಕೆರೆದು ನೋಡತೊಡಗಿದೆ. ಮೊದಲು ಸಿಪ್ಪೆಯ ಕೆಳಗೆ ಹಸಿರಿತ್ತು, ಆಮೇಲೆ ಹಳದಿ, ಆಮೇಲೆ ಕಂದು. ಚಿಗುರೇ, ಮೂದೇವಿ, ಚಿಗುರು ಎಂದು ಬೈದೆ. ಆ ಗಿಡವನ್ನು ನಾನು ಎಲ್ಲಕ್ಕಿಂತ ಹೆಚ್ಚು ದ್ವೇಷಿಸಿದ್ದು ಆ ದಿನಗಳಲ್ಲೇ. ಬದುಕಿದ್ದಾಗ ಬರೀ ಕಣ್ಣುರಿ ಇತ್ತು. ಸತ್ತು ನನ್ನನ್ನು ಕೊಲೆಗಾತಿ ಮಾಡಲು ಹೊರಟಿತ್ತು.

ಯುಗಾದಿಗೆ ನಾಲ್ಕು ದಿನ ಇರುವಾಗ ಅವಳು ಊರುಗೋಲು ಹಿಡಿದು ಬಂದಳು. ಮನೆಯೊಳಗೂ ಬರದೆ ನೇರ ಗಿಡದ ಕಡೆ ಹೋದಳು. ನಾವು ಮೂವರೂ, ಮಾವ, ನನ್ನ ಗಂಡ, ನಾನು, ಹಿಂದೆ ಹೋದೆವು. ಅವಳು ಬಾಗಿ ಒಂದು ಬುಡ ಮುಟ್ಟಿದಳು, ಇನ್ನೊಂದು ಮುಟ್ಟಿದಳು. ಮೂರನೆಯದನ್ನು ಮುಟ್ಟಲಿಲ್ಲ.

ನನ್ನ ಗಂಡ ನನ್ನ ಕಡೆ ತಿರುಗಿದರು. "ಏನೇ ಇದು?"

ನಾನು ಬಾಯಿ ತೆರೆಯುವ ಮೊದಲೇ ಮಾವ ಮಗಳನ್ನು ಕೇಳಿದರು.

"ಹೆಂಗ್ ಕತ್ತರಿಸ್ಬೇಕು ಅಂತ ನಿಮ್ಮತ್ಗೆಗೆ ಯೋಳ್ನಿಲ್ವವ್ವ ನೀನು?"

ಅವಳು ಅಪ್ಪನ ಮುಖವನ್ನು ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ನನ್ನ ಮುಖ.

"ಇಲ್ಲ ಕಣಪ್ಪಯ್ಯ. ಯೋಳದ್ನ ಮರ್ತ್‌ಬುಟ್ಟೆ."

ನಾನು ಸುಮ್ಮನಿದ್ದೆ. ಗೊತ್ತಿಲ್ಲದೆ ಮಾಡಿದಳು ಪಾಪ ಎಂದು ನನ್ನ ಗಂಡ ಆಮೇಲೆ ಊರಿಗೆಲ್ಲ ಹೇಳಿದರು. ನಾದಿನಿ ಹಬ್ಬಕ್ಕೂ ನಿಲ್ಲಲಿಲ್ಲ. ಆ ಸೂಟ್‌ಕೇಸನ್ನೇ ತುಂಬಿಕೊಂಡು ಕನಕಪುರಕ್ಕೆ ಹೋದಳು. ಈಗ ಅಲ್ಲೇ ಒಬ್ಬರ ನರ್ಸರಿಯಲ್ಲಿ ಕೆಲಸ, ಗೆಳತಿಯ ಮನೆಯ ಮೂಲೆಯಲ್ಲಿ ಹಾಸಿಗೆ. ಕೆಂಪು ಹಿಡಿಯ ಕತ್ತರಿಯನ್ನು ಗೋಡೆಯಿಂದ ತೆಗೆದುಕೊಂಡು ಹೋಗಲಿಲ್ಲ. ಮಳೆಗಾಲಕ್ಕೆ ಆ ಅರ್ಧ ಎಕರೆಗೆ ಹಿಪ್ಪುನೇರಳೆ ನೆಟ್ಟೆವು.

ಇದಾಗಿ ನಾಲ್ಕು ವರ್ಷ. ಈ ನಾಲ್ಕು ವರ್ಷ ನಾನು ಅವಳನ್ನು ಮೊದಲಿಗಿಂತ ಹೆಚ್ಚು ದ್ವೇಷಿಸಿದೆ. ಅವಳು ನನ್ನನ್ನು ಕಾಪಾಡಿದಳಲ್ಲ, ಅದಕ್ಕೆ. ಬೈದಿದ್ದರೆ ನಾನೂ ಬೈದು ಮುಗಿಸುತ್ತಿದ್ದೆ. ದೊಡ್ಡತನ ತೋರಿಸಿ ಹೋದಳು, ನನ್ನನ್ನು ಜೀವಮಾನಕ್ಕೆ ಸಣ್ಣವಳು ಮಾಡಿ ಹೋದಳು ಎಂದು ಹಲ್ಲು ಕಡಿದೆ. ಫೋನ್ ಮಾಡಬೇಕೆಂದು ನಂಬರ್ ತೆಗೆದು, ಇವಳಿಗೆ ನಾನು ಸೋಲಬೇಕೇ ಎಂದು ಇಟ್ಟದ್ದು ಎಷ್ಟು ಸಲವೋ.

ಹೋದ ತಿಂಗಳು ಆ ಅರ್ಧ ಎಕರೆಯ ಸೊಪ್ಪು ಕಟಾವಿಗೆ ಬಂದಿತ್ತು. ನಾನು ಕತ್ತರಿಸುತ್ತಿದ್ದೆ, ಮಾವ ಬದುವಿನ ಹೊಂಗೆಯ ನೆರಳಿನಲ್ಲಿ ಕೂತಿದ್ದರು.

"ಒಳ್ಳೆ ಸೊಪ್ಪು ಬಂದೈತೆ ಕಣವ್ವ," ಎಂದರು.

ಯಾಕೋ ಆ ಮಾತಿಗೆ ನನಗೆ ತಡೆಯಲಾಗಲಿಲ್ಲ. ಕುಡುಗೋಲು ಹಿಡಿದುಕೊಂಡೇ ಎದ್ದು ನಿಂತೆ.

"ಮಾವ, ಅವ್ಳು ಅವತ್ತು ಯೋಳಿದ್ಲು. ಬುಡುಕ್ಕೆ ಕತ್ತರಿಸ್ಬ್ಯಾಡಿ, ಸತ್ತೋಯ್ತದೆ ಅಂತ ಫೋನಲ್ಲಿ ಯೋಳಿದ್ಲು. ಗೊತ್ತಿದ್ದೇ ಕತ್ತರಿಸ್ದೆ. ನಿಮ್ಮಗ್ಳುದೇನೂ ತಪ್ಪಿಲ್ಲ."

ಮಾವ ಬಾಯಲ್ಲಿದ್ದ ಎಲೆ ಅಡಿಕೆಯನ್ನು ಪಕ್ಕಕ್ಕೆ ಉಗಿದರು.

"ನಂಗೆ ಕೇಳುಸ್ತಲ್ಲ. ಅಲ್ಲೇ ಮಲ್ಗಿದ್ನಲ್ಲವ್ವ."

"ಮತ್ತೆ ಅವತ್ತು ನೀವು ಬದುವಿನ ಮ್ಯಾಲೆ ಬಂದು ನಿಂತ್ಕೊಂಡು ನೋಡಿದ್ರಿ?"

"ನೋಡ್ದೆ. ನೆಂಟ್ರ ಮುಂದೆ ಮಾತು ಕೊಟ್‌ಬುಟ್ಟಿದ್ದೆ. ನಾನಾಗಿ ತಪ್ಪಕ್ಕಾಯ್ತಿತ್ತಾ? ನೀನು ಕತ್ತರಿಸ್ತಿದ್ದೆ. ಸುಮ್ಕೆ ವಾಪಸ್ ಬಂದೆ." ಒಂದು ಕಡ್ಡಿ ಎತ್ತಿ ಎಲೆ ತಿರುವಿ ನೋಡಿದರು. "ಜಮೀನು ಒಡೀನಿಲ್ವಲ್ಲ, ಬುಡು."

ನಾನು ಕುಡುಗೋಲನ್ನು ಅವರ ಕಾಲ ಬಳಿ ಹಾಕಿ ಮನೆಗೆ ನಡೆದೆ. ದಾರಿಯಲ್ಲಿ ಆ ಫೋನಿನ ಮಾತು ನೆನಪಾಯಿತು. ಅಪ್ಪಯ್ಯ ಅಲ್ಲೇ ಅವ್ರಾ, ಎಂದು ಕೇಳಿದ್ದಳಲ್ಲ. ಕೆಮ್ಮು ಅವಳಿಗೂ ಕೇಳಿಸಿತ್ತು. ಅಪ್ಪ ಎಲ್ಲವನ್ನೂ ಕೇಳಿಸಿಕೊಂಡಿದ್ದಾರೆ ಎಂದು ಅವಳಿಗೆ ಗೊತ್ತಿತ್ತು. ಆ ಅಪ್ಪನೇ, ಸತ್ತ ಬುಡಗಳ ನಡುವೆ ನಿಂತು, ಯೋಳ್ನಿಲ್ವವ್ವ ಎಂದು ಕೇಳಿದಾಗ ಅವಳು ಅವರ ಮುಖವನ್ನು ಅಷ್ಟು ಹೊತ್ತು ನೋಡಿದ್ದು ಅದಕ್ಕೆ. ಮರೆತೆ ಎಂದದ್ದು ನನ್ನನ್ನು ಕಾಪಾಡಲಿಕ್ಕಲ್ಲ. ಅದು ದೊಡ್ಡತನವೂ ಅಲ್ಲ. ಈ ಮನೆಯಲ್ಲಿ ನಿಜ ಹೇಳಿ ಉಪಯೋಗವಿಲ್ಲ ಎಂದು ಅವಳಿಗೆ ಆ ಗಳಿಗೆಯಲ್ಲಿ ಗೊತ್ತಾಗಿಹೋಗಿತ್ತು. ನಾಲ್ಕು ವರ್ಷ ನಾನು ಅವಳ ಯಾವ ಗುಣವನ್ನು ದ್ವೇಷಿಸಿದೆನೋ ಅದು ಅವಳಲ್ಲಿ ಇರಲೇ ಇಲ್ಲ. ನನ್ನ ಲೆಕ್ಕದಲ್ಲಿ ಅವಳು ನನ್ನನ್ನು ಕ್ಷಮಿಸಿದ್ದಳು. ಕ್ಷಮಿಸಿರಲಿಲ್ಲ. ನಮ್ಮನ್ನು ಬಿಟ್ಟು ಹೋಗಿದ್ದಳು, ಅಷ್ಟೇ.

ಮನೆಗೆ ಬಂದು ಫೋನ್ ತೆಗೆದೆ. ಈ ಸಲ ಮಾಡಿಯೇ ಬಿಟ್ಟೆ. ಎತ್ತಿದಳು. ಹಿಂದೆ ನೀರು ಬಿಡುವ ಸದ್ದು.

"ಅವತ್ತು ನೀನು ಯೋಳಿದ್ದು ನಂಗೆ ಸರ್ಯಾಗಿ ಕೇಳ್ಸಿತ್ತು," ಎಂದೆ.

"ಗೊತ್ತು," ಎಂದಳು. ನಲ್ಲಿ ನಿಲ್ಲಿಸಿದ ಸದ್ದು. "ಈಗ ಅಲ್ಲಿ ಏನೈತೆ ಅತ್ಗೆ?"

"ಇಪ್ನೇಳೆ."

"ಚೆನ್ನಾಗ್ ಬಂದೈತಾ?"

ಸುಳ್ಳು ಹೇಳಬಹುದಿತ್ತು. "ಬಂದೈತೆ," ಎಂದೆ. ಅವಳು ಫೋನ್ ಇಟ್ಟಳು.

ಹುಳಗಳು ತಟ್ಟೆಯಲ್ಲಿ ತಲೆ ಎತ್ತಿಕೊಂಡು ಸೊಪ್ಪಿಗೆ ಕಾಯುತ್ತಿದ್ದವು. ಅವಕ್ಕೆ ನಮ್ಮ ಮನೆಯ ವಿಷಯ ಗೊತ್ತಿಲ್ಲ. ಅರ್ಧ ಗಂಟೆಗೆ ನಾನು ವಾಪಸು ಹೋಗಿ, ಮಾವನ ಕಾಲ ಬಳಿಯಿದ್ದ ಕುಡುಗೋಲು ಎತ್ತಿಕೊಂಡು, ಬಿಟ್ಟ ಸಾಲಿನಿಂದಲೇ ಶುರು ಮಾಡಿ ಆ ಅರ್ಧ ಎಕರೆಯನ್ನು ನೆಲಮಟ್ಟಕ್ಕೆ ಕತ್ತರಿಸಿದೆ. ಮೊನ್ನೆಗೆ ಹದಿನೈದು ದಿನ. ಎಲ್ಲ ಬುಡಗಳೂ ಚಿಗುರಿವೆ.